ಲ್ಯಾಗ್ ಹೋಗಲಾಡಿಸುವ ‘ಒಂದೇ ಕಮಾಂಡ್’ ನಿಜವೇ? ಗೇಮ್ ಸರ್ವರ್ ಕನ್ಸೋಲ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

“ಗೇಮ್ ಲ್ಯಾಗ್ ಆಗ್ತಿದೆಯಾ? ಸರ್ವರ್ ಕನ್ಸೋಲ್‌ನಲ್ಲಿ ಈ ಒಂದು ಕಮಾಂಡ್ ಹಾಕಿ, ತಕ್ಷಣ ಸ್ಮೂತ್ ಆಗುತ್ತೆ. ಗೆಳೆಯರಿಗೂ ಕಳಿಸಿ.”

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗನ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಇಂಥದ್ದೊಂದು ಸಂದೇಶ ಬಂತು. ಅವನು ಮತ್ತು ಐದಾರು ಗೆಳೆಯರು ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ಒಂದನ್ನು ನಡೆಸುತ್ತಿದ್ದರು. ಎರಡು ವರ್ಷ ಕಟ್ಟಿದ ಊರು ಅದು. ಕೆಲವು ದಿನಗಳಿಂದ ಆಟ ತಡವರಿಸುತ್ತಿತ್ತು. ಸಂದೇಶದಲ್ಲಿದ್ದ ಕಮಾಂಡ್ ‘ಕಿಲ್ @ಇ’. ಅವನು ಅದನ್ನು ಕನ್ಸೋಲ್‌ಗೆ ಅಂಟಿಸಿ ಎಂಟರ್ ಒತ್ತಿದ.

ಲ್ಯಾಗ್ ನಿಜವಾಗಿಯೂ ಹೋಯಿತು. ಜೊತೆಗೆ ಮಕ್ಕಳು ಸಾಕಿದ್ದ ನಾಯಿಗಳು, ಕುದುರೆಗಳು, ವ್ಯಾಪಾರಕ್ಕಿದ್ದ ಹಳ್ಳಿಗರು, ಆ ಕ್ಷಣ ಆಡುತ್ತಿದ್ದ ಗೆಳೆಯರ ಪಾತ್ರಗಳು ಎಲ್ಲವೂ ಸತ್ತವು. ಬ್ಯಾಕಪ್ ಇರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು.

ಹಾಗಾದರೆ ಆ ಸಂದೇಶ ಸುಳ್ಳೇ? ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಅರ್ಧ ನಿಜವಾದ ಸಂದೇಶಗಳೇ ಹೆಚ್ಚು ಹಾನಿ ಮಾಡುತ್ತವೆ. ಕನ್ಸೋಲ್ ಎಂದರೇನು, ಅದರಿಂದ ಸರ್ವರ್ ನಡೆಸುವುದು ಮತ್ತು ತೊಂದರೆ ಹುಡುಕುವುದು ಹೇಗೆ, ಯಾವ ಫಾರ್ವರ್ಡ್‌ಗಳನ್ನು ನಂಬಬಾರದು ಎಂಬುದನ್ನು ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಉದಾಹರಣೆಯೊಂದಿಗೆ ನೋಡೋಣ.

ಒಂದು ಸೂಚನೆ: ಈ ಲೇಖನದಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಕನ್ಸೋಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಕನ್ಸೋಲ್ ಎಂದರೇನು?

ಹಲವರು ಸೇರಿ ಆಡುವ ಆಟದಲ್ಲಿ ಎಲ್ಲರ ಫೋನ್ ಅಥವಾ ಕಂಪ್ಯೂಟರ್‌ಗಳು ಒಂದು ನಡುವಿನ ಕಂಪ್ಯೂಟರ್‌ಗೆ ಸಂಪರ್ಕ ಹೊಂದಿರುತ್ತವೆ. ಅದೇ ಸರ್ವರ್. ಯಾರು ಎಲ್ಲಿದ್ದಾರೆ, ಯಾವ ಕಲ್ಲು ಒಡೆಯಿತು, ಯಾವ ಹಸು ಎತ್ತ ನಡೆಯಿತು ಎಂಬ ಲೆಕ್ಕವನ್ನೆಲ್ಲ ಅದೇ ಇಡುತ್ತದೆ. ಆ ಸರ್ವರ್‌ನೊಂದಿಗೆ ಅಕ್ಷರಗಳಲ್ಲಿ ಮಾತಾಡುವ ಕಿಟಕಿಯೇ ಕನ್ಸೋಲ್. ನೀವು ಒಂದು ಸಾಲು ಬರೆಯುತ್ತೀರಿ, ಅದು ಕೆಲಸ ಮಾಡಿ ಉತ್ತರದ ಸಾಲು ಬರೆಯುತ್ತದೆ.

‘ಕನ್ಸೋಲ್ ಬಳಸುವುದು ಹ್ಯಾಕಿಂಗ್’ ಎಂಬ ಮಾತು ಪೋಷಕರ ಗುಂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು. ಕನ್ಸೋಲ್ ಆಟ ತಯಾರಿಸಿದವರೇ ಕೊಟ್ಟ ಸಾಧನ. 1996ರಲ್ಲಿ ಬಂದ ಕ್ವೇಕ್ ಆಟದಲ್ಲೇ ಕೀಬೋರ್ಡ್‌ನ ಒಂದು ಕೀಲಿ ಒತ್ತಿದರೆ ಪರದೆಯ ಮೇಲಿಂದ ಕನ್ಸೋಲ್ ಇಳಿದು ಬರುತ್ತಿತ್ತು. ಸ್ವಂತ ಸರ್ವರ್‌ನ ಕನ್ಸೋಲ್ ಬಳಸುವುದು ನಿಮ್ಮ ಮನೆಯ ಫ್ಯೂಸ್ ಪೆಟ್ಟಿಗೆ ತೆರೆದಂತೆ. ತಪ್ಪೇನಿಲ್ಲ, ಆದರೆ ಯಾವ ಸ್ವಿಚ್ ಯಾವುದಕ್ಕೆ ಎಂದು ಗೊತ್ತಿರಬೇಕು. ಅನುಮತಿಯಿಲ್ಲದೆ ಬೇರೆಯವರ ಸರ್ವರ್‌ಗೆ ನುಗ್ಗುವುದು ಮಾತ್ರ ಬೇರೆ ವಿಷಯ.

ಮೈನ್‌ಕ್ರಾಫ್ಟ್‌ನಲ್ಲಿ ಆಟದೊಳಗಿನ ಚಾಟ್‌ನಿಂದ ಕಮಾಂಡ್ ಕೊಡುವಾಗ ಮುಂದೆ ಓರೆಗೆರೆ ಹಾಕಬೇಕು, ಸರ್ವರ್ ಕನ್ಸೋಲ್‌ನಲ್ಲಿ ಅದು ಬೇಡ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಚಾಟ್‌ನಲ್ಲಿ ನಿಮಗೆ ಅಧಿಕಾರವಿದೆಯೇ ಎಂದು ಸರ್ವರ್ ಪರೀಕ್ಷಿಸುತ್ತದೆ. ಕನ್ಸೋಲ್‌ಗೆ ಎಲ್ಲ ಅಧಿಕಾರವೂ ಇರುತ್ತದೆ. ‘ಖಚಿತವೇ?’ ಎಂದು ಅದು ಕೇಳುವುದಿಲ್ಲ. ಎಂಟರ್ ಒತ್ತಿದರೆ ಮುಗಿಯಿತು.

ಕೇಳುವ ಕಮಾಂಡ್, ಮಾಡುವ ಕಮಾಂಡ್

ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕಮಾಂಡ್‌ಗಳಲ್ಲಿ ಎರಡು ಜಾತಿ. ಒಂದು ಸರ್ವರ್‌ನ ಸ್ಥಿತಿಯನ್ನು ಕೇಳುವಂಥದ್ದು. ಇನ್ನೊಂದು ಏನನ್ನಾದರೂ ಬದಲಿಸುವಂಥದ್ದು.

ಕೇಳುವ ಕಮಾಂಡ್‌ಗಳಿಂದ ಆಟ ಕೆಡುವುದಿಲ್ಲ:

• ‘ಲಿಸ್ಟ್’: ಈಗ ಯಾರ‍್ಯಾರು ಆಡುತ್ತಿದ್ದಾರೆ, ಒಟ್ಟು ಎಷ್ಟು ಜನ.
• ‘ಹೆಲ್ಪ್’: ಯಾವ ಕಮಾಂಡ್‌ಗಳಿವೆ, ಹೇಗೆ ಬರೆಯಬೇಕು.
• ‘ವೈಟ್‌ಲಿಸ್ಟ್ ಲಿಸ್ಟ್’: ಪ್ರವೇಶಕ್ಕೆ ಅನುಮತಿ ಇರುವವರ ಪಟ್ಟಿ.
• ‘ಬ್ಯಾನ್‌ಲಿಸ್ಟ್’: ನಿರ್ಬಂಧಕ್ಕೆ ಒಳಗಾದವರ ಪಟ್ಟಿ.
• ‘ಟಿಕ್ ಕ್ವೆರಿ’: ಸರ್ವರ್ ಎಷ್ಟು ವೇಗದಲ್ಲಿ ಓಡುತ್ತಿದೆ. 2023ರ ಡಿಸೆಂಬರ್‌ನಲ್ಲಿ ಬಂದ 1.20.3 ಮತ್ತು ನಂತರದ ಆವೃತ್ತಿಗಳಲ್ಲಿ ಇದೆ.
• ‘ಫೋರ್ಸ್‌ಲೋಡ್ ಕ್ವೆರಿ’: ಯಾರೂ ಹತ್ತಿರವಿಲ್ಲದಿದ್ದರೂ ಸದಾ ಓಡುವಂತೆ ಹಿಡಿದಿಟ್ಟ ಜಾಗಗಳು.

ಮಾಡುವ ಕಮಾಂಡ್‌ಗಳು ಇವು: ‘ಕಿಲ್’ ಕೊಲ್ಲುತ್ತದೆ. ‘ಫಿಲ್’ ಒಂದು ಪ್ರದೇಶವನ್ನೇ ಬೇರೆ ವಸ್ತುವಿನಿಂದ ತುಂಬುತ್ತದೆ. ‘ಕಿಕ್’ ಆಟಗಾರನನ್ನು ಹೊರಹಾಕುತ್ತದೆ, ಅವನು ಮರಳಿ ಬರಬಹುದು. ‘ಬ್ಯಾನ್’ ಮತ್ತೆ ಬರದಂತೆ ತಡೆಯುತ್ತದೆ, ‘ಪಾರ್ಡನ್’ ಆ ತಡೆಯನ್ನು ತೆಗೆಯುತ್ತದೆ. ‘ಆಪ್’ ಅಧಿಕಾರ ಕೊಡುತ್ತದೆ, ‘ಡಿಆಪ್’ ಹಿಂದಕ್ಕೆ ಪಡೆಯುತ್ತದೆ. ‘ಸ್ಟಾಪ್’ ಸರ್ವರನ್ನು ನಿಲ್ಲಿಸುತ್ತದೆ. ಇವುಗಳಲ್ಲಿ ಬ್ಯಾನ್, ಆಪ್ ಮುಂತಾದವನ್ನು ಹಿಂದಕ್ಕೆ ತಿರುಗಿಸಬಹುದು. ಕಿಲ್ ಮತ್ತು ಫಿಲ್ ಮಾಡಿದ್ದನ್ನು ಹಿಂದಕ್ಕೆ ತರುವ ಕಮಾಂಡ್ ಮೂಲ ಆಟದಲ್ಲಿ ಇಲ್ಲ.

ಮೊದಲು ಕೇಳಿ, ಉತ್ತರ ಓದಿ, ಆಮೇಲೆ ಮಾಡಿ. ವೈದ್ಯರು ನಾಡಿ ನೋಡಿಯೇ ಔಷಧಿ ಬರೆಯುತ್ತಾರೆ. ಫಾರ್ವರ್ಡ್ ಸಂದೇಶ ನಾಡಿ ನೋಡದೆ ಔಷಧಿ ಬರೆಯುತ್ತದೆ.

‘ಕಿಲ್ @ಇ’ ಏಕೆ ಇಷ್ಟು ಅಪಾಯ?

@ ಚಿಹ್ನೆಯ ಮುಂದಿನ ಅಕ್ಷರ ‘ಯಾರಿಗೆ’ ಎಂಬುದನ್ನು ಹೇಳುತ್ತದೆ. ‘@ಪಿ’ ಎಂದರೆ ಹತ್ತಿರದ ಆಟಗಾರ. ‘@ಆರ್’ ಎಂದರೆ ಯಾರೋ ಒಬ್ಬ ಆಟಗಾರ. ‘@ಎ’ ಎಂದರೆ ಎಲ್ಲ ಆಟಗಾರರು. ‘@ಇ’ ಎಂದರೆ ಎಲ್ಲ ಎಂಟಿಟಿಗಳು. ಆಟದಲ್ಲಿ ಕಲ್ಲು, ಮಣ್ಣು, ಮರದಂಥ ಬ್ಲಾಕ್‌ಗಳನ್ನು ಬಿಟ್ಟು ಪ್ರತ್ಯೇಕವಾಗಿ ಲೆಕ್ಕ ಇಡಬೇಕಾದ ಎಲ್ಲವೂ ಎಂಟಿಟಿ: ಆಟಗಾರರು, ಪ್ರಾಣಿಗಳು, ಹಳ್ಳಿಗರು, ರಾಕ್ಷಸರು, ನೆಲದ ಮೇಲೆ ಬಿದ್ದ ವಸ್ತುಗಳು, ದೋಣಿಗಳು, ಗೋಡೆಗೆ ನೇತುಹಾಕಿದ ಚಿತ್ರಗಳು ಕೂಡ.

ಹಾಗಾಗಿ ‘ಕಿಲ್ @ಇ’ ಎಂದರೆ ಆ ಹೊತ್ತಿಗೆ ಸರ್ವರ್ ತೆರೆದಿಟ್ಟಿರುವ ಪ್ರದೇಶಗಳಲ್ಲಿ ಇರುವುದೆಲ್ಲವನ್ನೂ ಕೊಲ್ಲು ಎಂದು. ಲೆಕ್ಕ ಇಡಬೇಕಾದದ್ದು ಏನೂ ಉಳಿಯದಿದ್ದರೆ ಸರ್ವರ್ ಹಗುರವಾಗುವುದು ಸಹಜ. ಸಂದೇಶ ‘ಕೆಲಸ ಮಾಡುತ್ತದೆ’ ಎಂದು ಜನ ನಂಬುವುದು ಇದಕ್ಕೇ.

ಇದೇ ಕಡೆ ಕೇಳುವ ಕಮಾಂಡ್ ಬಳಸಿದ್ದರೆ? ‘ಎಕ್ಸಿಕ್ಯೂಟ್ ಇಫ್ ಎಂಟಿಟಿ @ಇ[ಟೈಪ್=ಚಿಕನ್]’ ಎಂದು ಬರೆದರೆ ಸರ್ವರ್ ಯಾವ ಕೋಳಿಯನ್ನೂ ಮುಟ್ಟದೆ ಎಷ್ಟಿವೆ ಎಂದು ಎಣಿಸಿ ಹೇಳುತ್ತದೆ. ‘ಚಿಕನ್’ ಇರುವಲ್ಲಿ ‘ಐಟಮ್’ ಎಂದು ಬರೆದರೆ ನೆಲದ ಮೇಲೆ ಬಿದ್ದ ವಸ್ತುಗಳ ಎಣಿಕೆ, ‘ಝಾಂಬಿ’ ಎಂದರೆ ಝಾಂಬಿಗಳ ಎಣಿಕೆ. ಎರಡೂ ಕಮಾಂಡ್‌ಗಳಲ್ಲಿ ಇರುವುದು ಅದೇ ‘@ಇ’. ಒಂದು ಎಣಿಸುತ್ತದೆ, ಇನ್ನೊಂದು ಕೊಲ್ಲುತ್ತದೆ.

ಲ್ಯಾಗ್ ಒಂದಲ್ಲ, ಮೂರು

ಬಹಳಷ್ಟು ಫಾರ್ವರ್ಡ್‌ಗಳು ಮಾಡುವ ಮೂಲ ತಪ್ಪು ಇಲ್ಲಿದೆ. ನಾವು ‘ಲ್ಯಾಗ್’ ಎಂದು ಕರೆಯುವುದು ಮೂರು ಬೇರೆ ಬೇರೆ ತೊಂದರೆಗಳನ್ನು.

1. ನಿಮ್ಮ ಸಾಧನದ ನಿಧಾನ: ಚಿತ್ರವೇ ತುಂಡುತುಂಡಾಗಿ ಚಲಿಸುತ್ತದೆ, ತಲೆ ತಿರುಗಿಸಿದರೂ ಪರದೆ ಎಳೆದಾಡುತ್ತದೆ. ಒಬ್ಬರಿಗೆ ಮಾತ್ರ ಹೀಗಾಗುತ್ತದೆ. ಕಂಪ್ಯೂಟರ್‌ನಲ್ಲಿ ಎಫ್3 ಒತ್ತಿದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂದು ಕಾಣುತ್ತದೆ. ಇದಕ್ಕೆ ಸರ್ವರ್ ಕಮಾಂಡ್ ಮದ್ದಲ್ಲ. ನಿಮ್ಮ ಸಾಧನದಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ.

2. ನೆಟ್‌ವರ್ಕ್‌ನ ನಿಧಾನ: ಚಿತ್ರ ಸರಾಗ, ಆದರೆ ಬೇರೆ ಆಟಗಾರರು ನಿಂತು ಥಟ್ಟನೆ ಹಾರಿ ಬೇರೆಡೆ ಕಾಣುತ್ತಾರೆ. ಆಗಾಗ ಸಂಪರ್ಕ ಕಡಿದುಹೋಗುತ್ತದೆ. ಟ್ಯಾಬ್ ಕೀಲಿ ಒತ್ತಿದಾಗ ಹೆಸರಿನ ಪಕ್ಕ ಕಾಣುವ ಗೆರೆಗಳು ಕಡಿಮೆ ಇರುತ್ತವೆ. ಇದೂ ಸಾಮಾನ್ಯವಾಗಿ ಒಬ್ಬಿಬ್ಬರಿಗೆ ಮಾತ್ರ.

3. ಸರ್ವರ್‌ನ ನಿಧಾನ: ಎಲ್ಲರಿಗೂ ಒಂದೇ ಹೊತ್ತಿಗೆ ಆಗುತ್ತದೆ. ಒಡೆದ ಕಲ್ಲು ಮತ್ತೆ ಪ್ರತ್ಯಕ್ಷವಾಗುತ್ತದೆ, ಪ್ರಾಣಿಗಳು ನಿಂತಲ್ಲೇ ನಿಲ್ಲುತ್ತವೆ, ಪೆಟ್ಟಿಗೆ ತಡವಾಗಿ ತೆರೆಯುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಗೆ ಕಮಾಂಡೇ ಬೇಡ. ಚಾಟ್‌ನಲ್ಲಿ ‘ನಿಮಗೂ ಹೀಗಾಗುತ್ತಿದೆಯಾ?’ ಎಂದು ಕೇಳಿ. ಒಬ್ಬರಿಗೆ ಮಾತ್ರ ಆದರೆ ಸರ್ವರ್ ಮುಟ್ಟಬೇಡಿ.

ಸರ್ವರ್ ನಿಜವಾಗಿ ಸೋತಿದೆಯೇ? ಅಳೆಯುವುದು ಹೀಗೆ

ಮೈನ್‌ಕ್ರಾಫ್ಟ್ ಸರ್ವರ್ ತನ್ನ ಜಗತ್ತಿನ ಲೆಕ್ಕವನ್ನು ಸೆಕೆಂಡಿಗೆ 20 ಬಾರಿ ಮಾಡುತ್ತದೆ. ಒಂದೊಂದು ಸುತ್ತಿಗೆ ಟಿಕ್ ಎಂದು ಹೆಸರು. ಅಂದರೆ ಒಂದು ಟಿಕ್‌ಗೆ ಸಿಗುವ ಸಮಯ 50 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ಪ್ರಾಣಿಗಳ ನಡಿಗೆ, ಬೆಳೆಗಳ ಬೆಳವಣಿಗೆ, ನೀರಿನ ಹರಿವು, ಯಂತ್ರಗಳ ಚಲನೆ ಲೆಕ್ಕ ಹಾಕಿ ಮುಗಿಸಬೇಕು. ಬೇಗ ಮುಗಿದರೆ ಸರ್ವರ್ ಉಳಿದ ಸಮಯ ಸುಮ್ಮನಿರುತ್ತದೆ. ತಡವಾದರೆ ಆಟದ ಕಾಲವೇ ನಿಧಾನವಾಗುತ್ತದೆ. ಒಂದು ಟಿಕ್‌ಗೆ 100 ಮಿಲಿಸೆಕೆಂಡ್ ಬೇಕಾದರೆ 20 ನಿಮಿಷದ ಆಟದ ಹಗಲು-ರಾತ್ರಿ 40 ನಿಮಿಷ ಹಿಡಿಯುತ್ತದೆ.

‘ಟಿಕ್ ಕ್ವೆರಿ’ ಹಾಕಿದರೆ ಸರಾಸರಿ ಎಷ್ಟು ಮಿಲಿಸೆಕೆಂಡ್ ಬೇಕಾಗುತ್ತಿದೆ ಎಂದು ಗೊತ್ತಾಗುತ್ತದೆ. 50ಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಸರ್ವರ್ ಆರೋಗ್ಯವಾಗಿದೆ, ತೊಂದರೆ ಬೇರೆಡೆ ಇದೆ. ಅದೇ ಉತ್ತರದಲ್ಲಿ ಪಿ95, ಪಿ99 ಎಂಬ ಅಂಕಿಗಳೂ ಇರುತ್ತವೆ. ಪಿ99 ಎಂದರೆ ನೂರರಲ್ಲಿ 99 ಟಿಕ್‌ಗಳು ಇಷ್ಟರೊಳಗೆ ಮುಗಿದಿವೆ ಎಂದು. ಸರಾಸರಿ ಚೆನ್ನಾಗಿದ್ದು ಪಿ99 ಮಾತ್ರ ಬಹಳ ಹೆಚ್ಚಿದ್ದರೆ ಆಟ ಆಗಾಗ ಮುಗ್ಗರಿಸುತ್ತಿದೆ ಎಂದರ್ಥ. ಸ್ಪಿಗಾಟ್, ಪೇಪರ್ ಎಂಬ ಬದಲಿ ಸರ್ವರ್ ತಂತ್ರಾಂಶ ಬಳಸುವವರಿಗೆ ‘ಟಿಪಿಎಸ್’ ಎಂಬ ಕಮಾಂಡ್ ಇದೆ. ಅದು ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ತೋರಿಸುತ್ತದೆ. ಅಲ್ಲಿ 20 ಕಂಡರೆ ಪೂರ್ಣ ಅಂಕ.

ಅಕ್ಕನ ಮಗನ ಕಥೆಗೆ ಮರಳೋಣ. ‘ಕಿಲ್ @ಇ’ ಹಾಕಿದ ಮೂರು ವಾರಕ್ಕೆ ಲ್ಯಾಗ್ ಮತ್ತೆ ಬಂತು. ಈ ಸಲ ಇಬ್ಬರೂ ಕೂತು ಕೇಳುವ ಕಮಾಂಡ್‌ಗಳಿಂದ ಶುರುಮಾಡಿದೆವು. ಟಿಕ್ ಸಮಯ 50 ದಾಟಿತ್ತು, ಅಂದರೆ ತಪ್ಪು ಸರ್ವರ್‌ನದೇ. ಪ್ರಾಣಿಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದೆವು. ಹಸು, ಕುರಿ ಕೆಲವೇ ಕೆಲವು. ಕೋಳಿಗಳು ಮಾತ್ರ ನಾನೂರಕ್ಕೂ ಹೆಚ್ಚು! ಹುಡುಗರಲ್ಲೊಬ್ಬ ತಾನಾಗಿ ಮೊಟ್ಟೆ ಎಸೆದು ಮರಿ ಮಾಡುವ ಯಂತ್ರ ಕಟ್ಟಿ, ಅದನ್ನು ಆರಿಸುವುದನ್ನು ಮರೆತಿದ್ದ. ಹಿಂದಿನ ಸಲ ಕೋಳಿಗಳು ಸತ್ತರೂ ಯಂತ್ರ ಉಳಿದಿತ್ತು, ಮಕ್ಕಳು ಅದಕ್ಕೆ ಮತ್ತೆ ಕೋಳಿ ತಂದು ಬಿಟ್ಟಿದ್ದರು. ಯಂತ್ರಕ್ಕೊಂದು ಸ್ವಿಚ್ ಹಾಕಿ ಕೋಳಿಗಳನ್ನು ಕಡಿಮೆ ಮಾಡಿದ ಮೇಲೆ ಟಿಕ್ ಸಮಯ 50ರ ಕೆಳಗಿಳಿಯಿತು. ಈ ಸಲ ನಾಯಿಗಳು ಬದುಕಿದವು.

ಇನ್ನೂ ಆಳಕ್ಕೆ ಹೋಗಬೇಕಾದರೆ ‘ಪರ್ಫ್ ಸ್ಟಾರ್ಟ್’ ಎಂಬ ಕಮಾಂಡ್ ಇದೆ. ಅದು 10 ಸೆಕೆಂಡ್ ಕಾಲ ಸರ್ವರ್ ಏನೇನು ಮಾಡುತ್ತಿದೆ ಎಂದು ದಾಖಲಿಸಿ, ತಾನೇ ನಿಂತು, ಡೀಬಗ್ ಎಂಬ ಫೋಲ್ಡರ್‌ನಲ್ಲಿ ವರದಿ ಇಡುತ್ತದೆ. ತಿಳಿದವರಿಂದ ಸಹಾಯ ಕೇಳುವಾಗ ‘ತುಂಬಾ ಲ್ಯಾಗ್’ ಎನ್ನುವುದಕ್ಕಿಂತ ಈ ವರದಿ ನೂರು ಪಾಲು ಉಪಯುಕ್ತ.

ಲಾಗ್ ಓದಲು ಕಲಿಯಿರಿ

ಲ್ಯಾಗ್ ಬೇರೆ, ಲಾಗ್ ಬೇರೆ. ಲಾಗ್ ಎಂದರೆ ಸರ್ವರ್‌ನ ದಿನಚರಿ. ಕನ್ಸೋಲ್‌ನಲ್ಲಿ ಓಡುವ ಸಾಲುಗಳೆಲ್ಲ ಲಾಗ್ಸ್ ಫೋಲ್ಡರ್‌ನ ‘ಲೇಟೆಸ್ಟ್’ ಎಂಬ ಕಡತದಲ್ಲಿ ಸಮಯದೊಂದಿಗೆ ಉಳಿಯುತ್ತವೆ. ಪದೇ ಪದೇ ಕಾಣುವ ಕೆಲವು ಸಾಲುಗಳು ಮತ್ತು ಅವುಗಳ ಅರ್ಥ:

• ‘ಕಾಂಟ್ ಕೀಪ್ ಅಪ್’: ಲೆಕ್ಕ ಮುಗಿಸಲಾಗದೆ ಹಿಂದೆ ಬಿದ್ದಿದ್ದೇನೆ. ಎಷ್ಟು ಮಿಲಿಸೆಕೆಂಡ್, ಎಷ್ಟು ಟಿಕ್ ಹಿಂದೆ ಎಂದೂ ಹೇಳುತ್ತದೆ. ಸರ್ವರ್ ಶುರುವಾದ ಕೂಡಲೇ ಒಂದೆರಡು ಸಲ ಬಂದರೆ ಚಿಂತೆ ಬೇಡ. ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಹುಡುಕಬೇಕು.
• ‘ಫೇಲ್ಡ್ ಟು ಬೈಂಡ್ ಟು ಪೋರ್ಟ್’: ನನ್ನ ಬಾಗಿಲನ್ನು ಬೇರೆ ಯಾರೋ ಹಿಡಿದಿದ್ದಾರೆ. ಬಹುತೇಕ ಹಳೆಯ ಸರ್ವರ್ ಇನ್ನೂ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಜಾವಾ ಸರ್ವರ್‌ನ ಸಾಮಾನ್ಯ ಪೋರ್ಟ್ 25565.
• ‘ಟೈಮ್ಡ್ ಔಟ್’: ಆ ಆಟಗಾರನ ಕಡೆಯಿಂದ ಉತ್ತರ ಬರುವುದು ನಿಂತಿತು. ಒಬ್ಬನ ಹೆಸರೇ ಮತ್ತೆ ಮತ್ತೆ ಬಂದರೆ ಅವನ ನೆಟ್‌ವರ್ಕ್ ನೋಡಿ.
• ‘ಔಟ್ ಆಫ್ ಮೆಮೊರಿ’: ಕೊಟ್ಟ ರ‍್ಯಾಮ್ ಸಾಲದು.
• ‘ಯು ನೀಡ್ ಟು ಅಗ್ರೀ ಟು ದಿ ಯೂಲಾ’: ಮೊದಲ ಬಾರಿ ಓಡಿಸುವಾಗ ಬರುತ್ತದೆ. ಷರತ್ತುಗಳನ್ನು ಓದಿ ಯೂಲಾ ಕಡತದಲ್ಲಿ ಒಪ್ಪಿಗೆ ಸೂಚಿಸಬೇಕು.

ಒಂದೇ ಟಿಕ್ 60 ಸೆಕೆಂಡ್ ದಾಟಿದರೆ ಸರ್ವರ್ ತನ್ನನ್ನು ತಾನೇ ನಿಲ್ಲಿಸಿಕೊಂಡು ‘ಕ್ರ್ಯಾಶ್-ರಿಪೋರ್ಟ್ಸ್’ ಫೋಲ್ಡರ್‌ನಲ್ಲಿ ವರದಿ ಬರೆಯುತ್ತದೆ. ವರದಿ ಉದ್ದವಿದ್ದರೂ ಹೆದರಬೇಡಿ. ಮೊದಲ ಕೆಲವು ಸಾಲುಗಳಲ್ಲಿ ಕಾರಣದ ಸುಳಿವಿರುತ್ತದೆ. ಹೊಸ ಪ್ಲಗಿನ್ ಅಥವಾ ಮಾಡ್ ಹಾಕಿದ ಮೇಲೆ ಕುಸಿತ ಶುರುವಾಗಿದ್ದರೆ ಮೊದಲು ಅದನ್ನೇ ತೆಗೆದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಲಾಗ್‌ನಲ್ಲಿ ಆಟಗಾರರ ಹೆಸರಿನ ಜೊತೆ ಅವರ ಐಪಿ ವಿಳಾಸವೂ ದಾಖಲಾಗಿರುತ್ತದೆ. ಸಹಾಯ ಕೇಳಲು ಲಾಗ್‌ನ ಚಿತ್ರವನ್ನು ಗುಂಪಿಗೆ ಹಾಕುವ ಮುನ್ನ ಆ ಅಂಕಿಗಳನ್ನು ಅಳಿಸಿ. ಅವು ನಿಮ್ಮ ಗೆಳೆಯರ ಮನೆಯ ಇಂಟರ್ನೆಟ್ ವಿಳಾಸಗಳು.

ಯಾರ ಕೈಗೆ ಕೀಲಿ?

‘ಎಲ್ಲರಿಗೂ ಆಪ್ ಕೊಟ್ಟರೆ ಜಗಳ ಇರಲ್ಲ’ ಎಂಬ ಸಲಹೆಯೂ ಓಡಾಡುತ್ತದೆ. ಇದನ್ನು ಒಪ್ಪಬೇಡಿ. ಆಪ್ ಅಧಿಕಾರಕ್ಕೆ 1ರಿಂದ 4ರವರೆಗೆ ಹಂತಗಳಿವೆ. ಬೇರೆ ಏನೂ ಹೇಳದೆ ‘ಆಪ್’ ಕೊಟ್ಟರೆ ಸಿಗುವುದು 4, ಅಂದರೆ ಸರ್ವರ್ ನಿಲ್ಲಿಸುವ ಹಕ್ಕೂ ಸೇರಿ ಎಲ್ಲವೂ. 3ನೇ ಹಂತದವರು ಬೇರೆಯವರನ್ನು ಬ್ಯಾನ್ ಮಾಡಬಹುದು. ‘2 ಕೊಟ್ಟರೆ ಸುರಕ್ಷಿತ’ ಎಂದುಕೊಳ್ಳಬೇಡಿ, ‘ಕಿಲ್’ ಮತ್ತು ‘ಫಿಲ್’ ಎರಡೂ 2ನೇ ಹಂತದಲ್ಲೇ ಸಿಗುತ್ತವೆ.

ಮಕ್ಕಳ ಸರ್ವರ್ ಆದರೆ ‘ವೈಟ್‌ಲಿಸ್ಟ್ ಆನ್’ ಹಾಕಿ, ‘ವೈಟ್‌ಲಿಸ್ಟ್ ಆ್ಯಡ್’ ಮುಂದೆ ಒಬ್ಬೊಬ್ಬರ ಹೆಸರು ಬರೆದು ಸೇರಿಸಿ. ಪಟ್ಟಿಯಲ್ಲಿಲ್ಲದವರು ಒಳಗೆ ಬರಲಾರರು.

ಆದರೆ ಇದೆಲ್ಲ ನಿಲ್ಲುವುದು ‘ಆನ್‌ಲೈನ್-ಮೋಡ್’ ಎಂಬ ಸೆಟ್ಟಿಂಗ್ ಮೇಲೆ. ಅದು ‘ಟ್ರೂ’ ಇದ್ದಾಗ ಪ್ರತಿ ಆಟಗಾರನ ಖಾತೆ ನಿಜವಾದದ್ದೇ ಎಂದು ಪರೀಕ್ಷೆಯಾಗುತ್ತದೆ. ‘ಫಾಲ್ಸ್ ಮಾಡಿದರೆ ಎಲ್ಲರೂ ಸೇರಬಹುದು’ ಎಂಬ ಟಿಪ್ ನಂಬಿ ಬದಲಿಸಿದರೆ ಪರೀಕ್ಷೆಯೇ ಇರುವುದಿಲ್ಲ. ಯಾರು ಬೇಕಾದರೂ ನಿಮ್ಮ ಹೆಸರು ಇಟ್ಟುಕೊಂಡು ಬಂದು ನಿಮ್ಮ ಅಧಿಕಾರವನ್ನೇ ಚಲಾಯಿಸಬಹುದು. ಆಗ ವೈಟ್‌ಲಿಸ್ಟ್ ಕೂಡ ಕಾಯುವುದಿಲ್ಲ.

ಫೋನ್‌ನಿಂದಲೇ ಕನ್ಸೋಲ್ ನಡೆಸಲು ಆರ್‌ಕಾನ್ ಎಂಬ ವ್ಯವಸ್ಥೆಯಿದೆ. ಸರ್ವರ್‌ನಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಆರ್‌ಕಾನ್‌ನಲ್ಲಿ ಪಾಸ್‌ವರ್ಡ್ ಮತ್ತು ಕಮಾಂಡ್‌ಗಳು ಗೂಢಲಿಪಿಯಿಲ್ಲದೆ ಸಾಗುತ್ತವೆ. ಮನೆಯ ವೈಫೈ ಒಳಗೆ ಬಳಸಿ, ಅದರ ಪೋರ್ಟ್ 25575 ಅನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯಬೇಡಿ. ಆ ಪಾಸ್‌ವರ್ಡ್ ‘ಸರ್ವರ್ ಪ್ರಾಪರ್ಟೀಸ್’ ಕಡತದಲ್ಲಿ ಹಾಗೇ ಬರೆದಿರುವುದರಿಂದ ಆ ಕಡತದ ಸ್ಕ್ರೀನ್‌ಶಾಟ್ ಕೂಡ ಯಾರಿಗೂ ಕಳಿಸಬೇಡಿ.

ಬ್ಯಾಕಪ್: ಎರಡು ನಿಮಿಷದ ಕೆಲಸ

ಸುಲಭ ದಾರಿ: ಕನ್ಸೋಲ್‌ನಲ್ಲಿ ‘ಸ್ಟಾಪ್’ ಬರೆದು ಸರ್ವರ್ ಪೂರ್ತಿ ನಿಂತ ಮೇಲೆ ‘ವರ್ಲ್ಡ್’ ಫೋಲ್ಡರ್ ಅನ್ನು ಬೇರೆಡೆ ನಕಲು ಮಾಡಿ. ಆಟ ನಿಲ್ಲಿಸದೆಯೂ ಮಾಡಬಹುದು: ‘ಸೇವ್-ಆಫ್’, ನಂತರ ‘ಸೇವ್-ಆಲ್’, ಫೋಲ್ಡರ್ ನಕಲು, ಕೊನೆಗೆ ‘ಸೇವ್-ಆನ್’. ಕೊನೆಯದನ್ನು ಮರೆಯಬೇಡಿ. ಮರೆತ ದಿನ ಕರೆಂಟ್ ಹೋದರೆ ಅಂದು ಆಡಿದ್ದೆಲ್ಲ ಹೋಗಬಹುದು.

ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿ ಸರ್ವರ್ ಮುಚ್ಚುವ ಅಭ್ಯಾಸ ಬಿಡಿ. ಯಾವಾಗಲೂ ‘ಸ್ಟಾಪ್’ ಬಳಸಿ. ಅದಕ್ಕೆ ಮೊದಲು ‘ಸೇ’ ಎಂಬ ಕಮಾಂಡ್‌ನಿಂದ ‘ಎರಡು ನಿಮಿಷದಲ್ಲಿ ನಿಲ್ಲಿಸುತ್ತೇನೆ’ ಎಂದು ಎಲ್ಲರಿಗೂ ತಿಳಿಸಿ. ಯಾವುದೇ ‘ಮಾಡುವ’ ಕಮಾಂಡ್ ಹಾಕುವ ಮುನ್ನ ಬ್ಯಾಕಪ್ ಇದೆಯೇ ಎಂದು ನೋಡಿಕೊಳ್ಳಿ.

ಈ ಫಾರ್ವರ್ಡ್‌ಗಳು ಬಂದಿವೆಯೇ?

“ಈ ಕೋಡ್ ಹಾಕಿದರೆ ಉಚಿತ ಕಾಯಿನ್ಸ್ ಸಿಗುತ್ತೆ.” ಸುಳ್ಳು. ಹಣ ಕೊಟ್ಟು ಕೊಳ್ಳುವ ಕಾಯಿನ್‌ಗಳ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಫೋನಿನಲ್ಲಲ್ಲ. ಆ ಸರ್ವರ್‌ನ ಕನ್ಸೋಲ್ ನಿಮ್ಮ ಬಳಿ ಇಲ್ಲ. ನಿಮ್ಮದೇ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ‘ಗಿವ್’ ಕಮಾಂಡ್‌ನಿಂದ ವಜ್ರ ಕೊಟ್ಟುಕೊಳ್ಳಬಹುದು ನಿಜ, ಆದರೆ ಆ ವಜ್ರಕ್ಕೆ ಬೆಲೆ ಇರುವುದು ಆ ಸರ್ವರ್‌ನ ಒಳಗೆ ಮಾತ್ರ.

“ಬ್ರೌಸರ್‌ನ ಕನ್ಸೋಲ್ ತೆರೆದು ಇದನ್ನು ಅಂಟಿಸಿ.” ಅತ್ಯಂತ ಅಪಾಯಕಾರಿ. ಅದು ಗೇಮ್ ಕನ್ಸೋಲ್ ಅಲ್ಲ. ಅಲ್ಲಿ ಅಂಟಿಸಿದ ಕೋಡ್ ನೀವು ಲಾಗಿನ್ ಆಗಿರುವ ಖಾತೆಯ ಪರವಾಗಿ ಕೆಲಸ ಮಾಡಬಲ್ಲದು. ಫೇಸ್‌ಬುಕ್ ತೆರೆದು ಬ್ರೌಸರ್ ಕನ್ಸೋಲ್ ನೋಡಿದರೆ ‘ನಿಲ್ಲಿ!’ ಎಂಬರ್ಥದ ದೊಡ್ಡಕ್ಷರದ ಎಚ್ಚರಿಕೆ ಕಾಣುವುದು ಇದೇ ಕಾರಣಕ್ಕೆ.

“ರ‍್ಯಾಮ್ ಹೆಚ್ಚಿಸಿದರೆ ಎಲ್ಲ ಲ್ಯಾಗ್ ಹೋಗುತ್ತೆ.” ಅರ್ಧ ನಿಜ. ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಕಂಡರೆ ಹೆಚ್ಚಿಸಿ. ಆದರೆ ಟಿಕ್‌ನ ಮುಖ್ಯ ಲೆಕ್ಕ ನಡೆಯುವುದು ಪ್ರೊಸೆಸರ್‌ನ ಒಂದೇ ಎಳೆಯಲ್ಲಿ. ನಾನೂರು ಕೋಳಿಗಳ ಲೆಕ್ಕಕ್ಕೆ ರ‍್ಯಾಮ್ ಮದ್ದಲ್ಲ. ಲ್ಯಾಪ್‌ಟಾಪ್‌ನ ರ‍್ಯಾಮ್ ಪೂರ್ತಿ ಸರ್ವರ್‌ಗೇ ಕೊಟ್ಟರೆ ವಿಂಡೋಸ್‌ಗೆ ಉಸಿರಾಡಲು ಜಾಗವಿಲ್ಲದೆ ಮತ್ತಷ್ಟು ನಿಧಾನವಾಗುತ್ತದೆ. ಅದರ ಬದಲು ‘ವ್ಯೂ-ಡಿಸ್ಟೆನ್ಸ್’ ಮತ್ತು ‘ಸಿಮ್ಯುಲೇಶನ್-ಡಿಸ್ಟೆನ್ಸ್’ ಸೆಟ್ಟಿಂಗ್‌ಗಳನ್ನು 10ರಿಂದ ಸ್ವಲ್ಪ ಇಳಿಸಿ ನೋಡಿ.

“ಬಿದ್ದ ವಸ್ತುಗಳನ್ನು ದಿನವೂ ಅಳಿಸಲೇಬೇಕು.” ಸಾಮಾನ್ಯವಾಗಿ ಬೇಡ. ನೆಲಕ್ಕೆ ಬಿದ್ದ ವಸ್ತುಗಳು ಹತ್ತಿರ ಯಾರಾದರೂ ಆಡುತ್ತಿದ್ದರೆ 5 ನಿಮಿಷದಲ್ಲಿ ತಾವೇ ಮಾಯವಾಗುತ್ತವೆ. ಅಳಿಸಲೇಬೇಕಾದರೆ ‘ಕಿಲ್ @ಇ[ಟೈಪ್=ಐಟಮ್]’ ಸಾಕು. ಚೌಕ ಕಂಸದೊಳಗಿನ ಭಾಗ ಬಿಟ್ಟುಹೋದರೆ ಅದೇ ಪ್ರಳಯದ ಕಮಾಂಡ್ ಆಗುತ್ತದೆ ಎಂಬುದು ನೆನಪಿರಲಿ.

“ಚಾಟ್‌ನಲ್ಲಿ ಬರೆದ ಒಂದು ಸಾಲಿನಿಂದ ಸರ್ವರ್ ಹ್ಯಾಕ್ ಆಗುತ್ತೆ.” ಕೇಳಲು ಸುಳ್ಳಿನಂತಿದೆ, ಆದರೆ ಒಮ್ಮೆ ನಿಜವಾಗಿತ್ತು. ಚಾಟ್‌ನಲ್ಲಿ ಬರೆದದ್ದು ಲಾಗ್‌ಗೆ ಹೋಗುತ್ತದೆ. ಲಾಗ್ ಬರೆಯಲು ಜಾವಾ ಆವೃತ್ತಿ ಬಳಸುವ ಲಾಗ್4ಜೆ ಎಂಬ ತಂತ್ರಾಂಶದಲ್ಲಿ ದೋಷವಿರುವುದು 2021ರ ಡಿಸೆಂಬರ್‌ನಲ್ಲಿ ಬಯಲಾಯಿತು. ಒಂದು ವಿಶೇಷ ರೀತಿಯಲ್ಲಿ ಬರೆದ ಸಾಲನ್ನು ಅದು ಬರಿಯ ಪಠ್ಯವೆಂದು ದಾಖಲಿಸದೆ, ಆಜ್ಞೆಯೆಂದು ಭಾವಿಸಿ ಹೊರಗಿನ ಕಂಪ್ಯೂಟರ್‌ನಿಂದ ಕೋಡ್ ತಂದು ಓಡಿಸುತ್ತಿತ್ತು. ‘ಲಾಗ್4ಶೆಲ್’ ಎಂದು ಹೆಸರಾದ ಈ ದೋಷಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ ಸಿಕ್ಕಿತ್ತು. ಜಗತ್ತಿನ ಅಸಂಖ್ಯ ಕಂಪನಿಗಳ ತಂತ್ರಾಂಶಗಳಲ್ಲೂ ಅದೇ ದೋಷವಿತ್ತು. ಮೈನ್‌ಕ್ರಾಫ್ಟ್ 2021ರ ಡಿಸೆಂಬರ್ 10ರಂದು 1.18.1 ಆವೃತ್ತಿ ಹೊರತಂದು ಸರಿಪಡಿಸಿತು. ಅದಕ್ಕಿಂತ ಹಳೆಯ ಆವೃತ್ತಿಯ ಸರ್ವರ್ ಓಡಿಸುವವರು ಮೈನ್‌ಕ್ರಾಫ್ಟ್‌ನ ಅಧಿಕೃತ ತಾಣದಲ್ಲಿ ಹೇಳಿರುವ ಪರಿಹಾರ ಅಳವಡಿಸಬೇಕು, ಇಲ್ಲವೇ ಹೊಸ ಆವೃತ್ತಿಗೆ ಹೋಗಬೇಕು.

ಫೋನ್‌ನಲ್ಲಿ ಆಡುವವರಿಗೆ

ಮೊಬೈಲ್‌ನಲ್ಲಿ ಇರುವುದು ಬೆಡ್‌ರಾಕ್ ಆವೃತ್ತಿ. ಅದಕ್ಕೂ ಪ್ರತ್ಯೇಕ ಸರ್ವರ್ ತಂತ್ರಾಂಶ, ಕನ್ಸೋಲ್ ಇವೆ, ಆದರೆ ಕಮಾಂಡ್‌ಗಳು ಅಲ್ಲಲ್ಲಿ ಬೇರೆ. ವೈಟ್‌ಲಿಸ್ಟ್ ಬದಲು ಅಲ್ಲಿ ‘ಅಲೋಲಿಸ್ಟ್’, ಸಾಮಾನ್ಯ ಪೋರ್ಟ್ 19132. ಫೋನ್‌ನ ನಿಮ್ಮ ಸ್ವಂತ ಜಗತ್ತಿನಲ್ಲಿ ಕಮಾಂಡ್ ಬಳಸಲು ‘ಚೀಟ್ಸ್’ ಆನ್ ಮಾಡಬೇಕು. ಹಾಗೆ ಮಾಡಿದ ಜಗತ್ತಿನಲ್ಲಿ ಮುಂದೆ ಅಚೀವ್‌ಮೆಂಟ್‌ಗಳು ಸಿಗುವುದಿಲ್ಲ, ಮತ್ತೆ ಆಫ್ ಮಾಡಿದರೂ ಅಷ್ಟೇ. ಇದನ್ನು ಹೇಳದೆ ‘ಚೀಟ್ಸ್ ಆನ್ ಮಾಡಿ’ ಎನ್ನುವ ಟಿಪ್‌ಗಳೇ ಹೆಚ್ಚು.

ಹಂಚುವ ಮುನ್ನ ನಾಲ್ಕು ಪ್ರಶ್ನೆ

ಮುಂದಿನ ಸಲ ‘ಈ ಕಮಾಂಡ್ ಹಾಕಿ’ ಎಂಬ ಸಂದೇಶ ಬಂದಾಗ ಇಷ್ಟು ಕೇಳಿಕೊಳ್ಳಿ:

1. ಇದು ಕೇಳುವ ಕಮಾಂಡೋ, ಮಾಡುವ ಕಮಾಂಡೋ?
2. ಇದರ ಪ್ರತಿಯೊಂದು ಪದದ ಅರ್ಥ ನನಗೆ ಗೊತ್ತೇ?
3. ನನ್ನ ತೊಂದರೆ ನಿಜಕ್ಕೂ ಇದೇ ಎಂದು ಅಳೆದು ನೋಡಿದ್ದೇನೆಯೇ?
4. ತಪ್ಪಾದರೆ ಮರಳಲು ಬ್ಯಾಕಪ್ ಇದೆಯೇ?

ಒಂದಕ್ಕಾದರೂ ಉತ್ತರ ಗೊತ್ತಿಲ್ಲದಿದ್ದರೆ ಎಂಟರ್ ಒತ್ತಬೇಡಿ, ಫಾರ್ವರ್ಡ್ ಕೂಡ ಒತ್ತಬೇಡಿ. ಅಕ್ಕನ ಮಗ ಈಗ ಪ್ರತಿ ಭಾನುವಾರ ಬ್ಯಾಕಪ್ ತೆಗೆಯುತ್ತಾನೆ. ಹಳೆಯ ಸಂದೇಶ ಕಳಿಸಿದ್ದ ಅದೇ ಗುಂಪಿಗೆ ಅವನು ಕಳಿಸಿದ್ದು ಎಣಿಸುವ ಕಮಾಂಡನ್ನು, ಅದರ ಅರ್ಥದ ಸಮೇತ. ಈ ಲೇಖನ ಹಂಚಿಕೊಳ್ಳುವುದಾದರೆ ನೀವೂ ಹಾಗೇ ಮಾಡಿ: ಕಮಾಂಡ್ ಒಂದನ್ನೇ ಕತ್ತರಿಸಿ ಕಳಿಸಬೇಡಿ, ಅರ್ಥವನ್ನೂ ಜೊತೆಗೆ ಕಳಿಸಿ.